ಕೂಸಿನ ತೂಕದ ವಿಭೂತಿ

ಹರಕೆ ಹೊತ್ತವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಇದನ್ನು ನನಗೆ ಮೊದಲು ಹೇಳಿದವರು ಅಸೂಟಿ ಊರಿನ ನನ್ನ ಬೀಗರು. ಅವರ ಸೊಸೆ ಎಂದರೆ ನನ್ನ ಮಗಳು. ಮೊಮ್ಮಗಳು ಜ್ವರದಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ಬೀಗರು, "ಶಿವನೇ, ಕೂಸು ಎದ್ದು ಕುಂತರ ಅದರ ತೂಕದಷ್ಟು ವಿಭೂತಿ ನಾನಽ ಸುಟ್ಟು ಮಠಕ್ಕ ಕೊಡತೀನಿ" ಅಂದರು. ಶಿವನ ದಯೆ, ಕೂಸು ಎದ್ದಿತು. ಹರಕೆ ತೀರದಿದ್ದರೆ ಜ್ವರ ಮರಳೀತು ಎಂಬ ಅಂಜಿಕೆ ಮಾತ್ರ ಬೀಗರ ಎದೆಯೊಳಗೆ ಕೂತೇ ಇತ್ತು.

೧. ಬಯಲಿನ ಬೆಂಕಿ

ಬೀಗರು ಆಕಳ ಸಗಣಿಯ ಉಂಡೆಗಳನ್ನು ಒಣಗಿಸಿ, ಕೂಸಿನ ಸಮ ತೂಗಿ, ಹೊಲದಲ್ಲಿ ಬೆಂಕಿ ಹಚ್ಚಿದರು. ಎರೆಹೊಲದ ಮೇಲೆ ನೀಲಿ ಹೊಗೆ ಮೆಲ್ಲಗೆ, ನಿದ್ದೆಯಲ್ಲಿ ನಡೆದವರಂತೆ ಏಳುತ್ತಿತ್ತು. ನೋಡುತ್ತ ನೋಡುತ್ತ ಅವರಿಗೂ ಜೊಂಪು ಹತ್ತಿತು. ಎದ್ದು ನೋಡಿದರೆ ಸಣ್ಣದೊಂದು ಬುಟ್ಟಿ ಬೂದಿ!

"ಯಾರೋ ಕದ್ದಾರ!" ಅಂತ ಕೂಗಿದರು.

ಬುತ್ತಿ ತಂದಿದ್ದ ಬೀಗತಿ ಅಂದಳು: "ಬೂದಿ ಕದಿಯೂ ಕಳ್ಳ ಸಿಕ್ಕರ ನಮ್ಮ ಒಲಿಗೂ ಕಳಸ್ರಿ."

೨. ಮುಚ್ಚಿದ ಗಡಿಗೆ

ಈ ಸಲ ಹೊಗೆಯನ್ನೂ ಬಿಡಬಾರದೆಂದು ದೊಡ್ಡ ಗಡಿಗೆಯಲ್ಲಿ ಉಂಡೆ ತುಂಬಿ, ಕೆಂಡ ಇಟ್ಟು, ಬಾಯಿಗೆ ಕೆಸರು ಮೆತ್ತಿದರು. ಆರಿದ ಮೇಲೆ ತೂಗಿದರೆ ಚಿಟಿಕೆಯಷ್ಟೂ ಕಮ್ಮಿ ಇಲ್ಲ! ಖುಷಿಯಿಂದ ಮುಚ್ಚಳ ತೆಗೆದರು. ಮೇಲಿನ ಉಂಡೆಗಳು ಒಂದಿಷ್ಟು ಕರ್ರಗಾಗಿದ್ದವು, ಉಳಿದದ್ದೆಲ್ಲ ಸಗಣಿಯೇ.

ನನ್ನ ಮಗಳು ಅಂದಳು: "ಮಾವಾರ, ಬೆಂಕೀನೂ ಉಸಿರಾಡತೈತ್ರಿ. ಗಡಿಗ್ಯಾಗಿನ ಗಾಳಿ ತೀರಿತು, ಸಗಣಿ ಉಳೀತು. ಊರಿಗಾಗುವಷ್ಟು ಪಲ್ಯ ಮಾಡಿ ಎರಡಽ ರೊಟ್ಟಿ ಬಡದಂಗಾತು."

"ತೂಕ ಬರೋಬ್ಬರಿ ಐತೆಲ್ಲವಾ," ಅಂದರು ಬೀಗರು, "ಹಿಂಗಽ ಮಠಕ್ಕ ಒಯ್ಯಲೇನು?"

೩. ತಕ್ಕಡಿ

ಮತ್ತೆ ಸುಡೋಣವೆಂದರೆ ಅಷ್ಟು ತೂಕದ ಬೂದಿಗೆ ಎಷ್ಟೋ ಪಟ್ಟು ಸಗಣಿ ಬೇಕು, ಮನೆಯಲ್ಲಿ ಇದ್ದದ್ದು ಒಂದೇ ಆಕಳು. ಮಠದಲ್ಲಿ ಗೊತ್ತು ಮಾಡಿದ್ದ ತುಲಾಭಾರದ ಸೋಮವಾರ ಬಂದೇಬಿಟ್ಟಿತು. ಗಜೇಂದ್ರಗಡದ ಕಡೆಯ ಮಠಕ್ಕೆ ನಾನೂ ಹೋದೆ. ಒಂದು ತಟ್ಟೆಯಲ್ಲಿ ಬೆಣ್ಣೆ ರೊಟ್ಟಿ ತಿಂದು ದುಂಡಗಾದ ಮೊಮ್ಮಗಳು, ಇನ್ನೊಂದರಲ್ಲಿ ಬೂದಿಯ ಬುಟ್ಟಿ. ಬುಟ್ಟಿ ಹಗೂರಕ ಮೇಲಕ್ಕೆ ಹೋಗಿ ನಿಂತಿತು.

ಬೀಗರ ಕಣ್ಣು ತುಂಬಿತು. ಮಠದ ಸ್ವಾಮಿಗಳಿಗೆ ಕೈಮುಗಿದು ಅಂದರು: "ಸಗಣಿ ಸಮಾ ಇತ್ರೀ ಅಪ್ಪಾರ. ಉಳದದ್ದು ಹೊಗಿ ಆಗಿ ಹೋತ್ರಿ."

ಮುದಿ ಸ್ವಾಮಿಗಳು ಮುಗಿಲು ನೋಡಿದರು. "ಹೋದದ್ದು ಎಲ್ಲಿ ಹೋಗತೈತಪಾ? ಮ್ಯಾಲಿನಾಂವಗ ಸೀದಾ ಮುಟ್ಟೇತಿ."

"ಎಲ್ಲಾ ಮುಟ್ಟಿಲ್ರೀ!" ಬೀಗತಿ ಮುಂದೆ ಬಂದಳು. "ಆವತ್ತ ಬುತ್ತಿ ತಗೊಂಡು ಹೊಗಿಯೊಳಗಽ ಹೋಗಿದ್ದೆ. ಅರ್ಧಾ ಹರಕಿ ನನ್ನ ಸೀರ್ಯಾಗ ಕುಂತೈತಿ, ಒಗದರೂ ಹೋಗವಲ್ದು."

ಸ್ವಾಮಿಗಳು ಅವಳ ಕಡೆ ತಿರುಗಿದರು. "ಅದನ್ಯಾಕ ಬಿಡೂದು? ಬುಟ್ಟಿ ಬಾಜೂಕ ನೀನೂ ಕುಂದ್ರವಾ."

ಆಕೆ ಕೂತಳು. ಆ ತಟ್ಟೆ ನೆಲ ಮುಟ್ಟಿತು. ಮೊಮ್ಮಗಳು ನಗುತ್ತ ಗಾಳಿಯಲ್ಲಿ ತೇಲಿದಳು.

"ಹರಕಿ ತೀರಿತು" ಅಂದರು ಸ್ವಾಮಿಗಳು.

ಬೀಗರು ಕಣ್ಣೊರೆಸಿಕೊಂಡು, ಹೆಂಡತಿಯನ್ನು ತೋರಿಸಿ ಮೆಲ್ಲಗೆ ಕೇಳಿದರು: "ಹಂಗಾರ... ಈಕಿನ್ನೂ ಮಠದಾಗಽ ಬಿಟ್ಟು ಹೋಗಬೇಕೇನ್ರಿ?"

ಹರಕೆ ಹೊತ್ತು ಅಂಜಿ ಕೂತವರು ಎಲ್ಲಾದರೂ ಕಂಡರೆ, ಅವರ ಬಾಜು ಕೂತು ಇದನ್ನೊಮ್ಮೆ ಹೇಳಿರಿ.