ನಕಾಶಿ ಹಿಡಿದು ಚರ್ಚಿಗೆ ಹೋದದ್ದು

ಭೂಗೋಳ ಕಲಿಸಿದ ಮಾಸ್ತರರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾವ ಊರನ್ನಾದರೂ ಯಾರ ಸಹಾಯವೂ ಇಲ್ಲದೆ ನೋಡಿಬಿಡಬಲ್ಲೆ ಎಂಬ ಭ್ರಮೆ. ನನಗೆ ಅದು ಪೆನ್ಶನ್ ಶುರುವಾದ ಮೇಲೂ ಬಿಟ್ಟಿಲ್ಲ. ಪ್ರವಾಸಕ್ಕೆ ಹೋದಲ್ಲೆಲ್ಲ ಗೈಡುಗಳನ್ನು ಓಡಿಸಿ, ನಕಾಶಿ ಬಿಚ್ಚಿ, ಮನೆಮಂದಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕೀರ್ತಿ ನನ್ನದು. ಒಮ್ಮೆ ಗೋವಾದಲ್ಲಿ ಹಳೆಯ ಚರ್ಚು, ಮ್ಯೂಜಿಯಂ ನೋಡಲು ಹೊರಟು ಮೀನಿನ ಮಾರ್ಕೆಟ್ ಮುಟ್ಟಿದ್ದೆವು. "ಮಾವಾ, ನಕಾಶಿ ಮಡಚ್ರಿ, ಯಾರನ್ನರ ಕೇಳೂನು" ಎಂದು ನಾದಿನಿ ರುಕ್ಮಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬನಹಟ್ಟಿಯಲ್ಲಿ ಮಗ್ಗ ನೇಯುವ ಹೆಣ್ಣುಮಗಳು, ನಗುವುದಕ್ಕೆ ಅವಳಿಗೆ ಕಾರಣವೇ ಬೇಕಿರಲಿಲ್ಲ.

ಆ ರುಕ್ಮಿಣಿ ಈ ಬೇಸಿಗೆಯಲ್ಲಿ ತೀರಿಕೊಂಡಳು. ನನ್ನ ಹೆಂಡತಿ ಕಸ್ತೂರಿ ಆಗ ಹೃದಯದ ಆಪರೇಶನ್ ಆಗಿ ಬೆಳಗಾವಿಯ ದವಾಖಾನೆಯಲ್ಲಿದ್ದಳು. ತಂಗಿಯ ಮಣ್ಣಿಗೆ ಹೋಗಲಾಗಲಿಲ್ಲ. ಜಮಖಂಡಿಗೆ ಕರೆತಂದ ಮೇಲೆ ಸುದ್ದಿ ಹೇಳಿದೆ. ಅವಳು ಅಳಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದಳು. ನಮ್ಮ ಕಡೆ ಸಾವಾದ ಮನೆಗೆ ಹೋಗಿ, ಸತ್ತವರ ಸುದ್ದಿ ತೆಗೆದು, ಮನೆಯವರನ್ನು ಅಳಿಸಿ, ತಾವೂ ಅತ್ತು ಬರುವುದಕ್ಕೆ ಮಾತಾಡಿಸುವುದು ಎನ್ನುತ್ತಾರೆ. ಮನಸ್ಸಿಗೆ ತ್ರಾಸಾಗಬಾರದೆಂದು ಡಾಕ್ಟರು ಹೇಳಿದ್ದರಿಂದ, ಮಾತಾಡಿಸಲು ಬಂದವರಿಗೆಲ್ಲ ನಾನು ಕಟ್ಟೆಯ ಮೇಲೇ ಚಹಾ ಕೊಟ್ಟು ಕಳಿಸುತ್ತಿದ್ದೆ. ದಿನಾ ನಡೆಯಬೇಕೆಂದೂ ಡಾಕ್ಟರು ಹೇಳಿದ್ದರು. ಕಸ್ತೂರಿ ಹೊಸ್ತಿಲು ದಾಟಲೊಲ್ಲಳು. ಹೀಗೇ ಮಲಗಿದರೆ ಇವಳೂ ನನ್ನ ಬಿಟ್ಟು ಹೋಗುತ್ತಾಳೆಂದು ನನಗೆ ವಿಪರೀತ ಹೆದರಿಕೆ.

ಕಡೆಗೆ ನನ್ನ ರೋಗವನ್ನೇ ಔಷಧ ಮಾಡಿಕೊಂಡೆ. ಗೋವಾ ಇಲ್ಲದಿದ್ದರೇನು, ನಮ್ಮೂರಲ್ಲೂ ಒಂದು ಸಣ್ಣ ಮ್ಯೂಜಿಯಂ ಇದೆ, ಓಣಿಯಾಚೆ ಕಲ್ಲಿನ ಹಳೆಯ ಚರ್ಚಿದೆ. ಕೈಯಿಂದಲೇ ನಕಾಶಿ ಬರೆದೆ. "ಊರಾಗ ಇದ್ದ ಊರು ನೋಡಾಕ ಹೋಗೂದಂದ್ರ ಮಂದಿ ನಗ್ತಾರ್ರಿ" ಎಂದಳು ಕಸ್ತೂರಿ. ನಗಲಿ ಎಂದೆ. ನನ್ನ ಕಾಟ ತಾಳಲಾರದೆ ಎದ್ದಳು.

ಮ್ಯೂಜಿಯಮ್ಮಿನಲ್ಲಿ ಕತ್ತಿ, ಪಲ್ಲಕ್ಕಿಗಳನ್ನು ದಾಟಿ ಒಂದು ಕೈಮಗ್ಗದ ಮುಂದೆ ನಿಂತುಬಿಟ್ಟಳು. ನಕಾಶಿಯಲ್ಲಿ ನಾನು ಮಗ್ಗ ಬರೆದಿರಲಿಲ್ಲ. ಅವಳು ಕೈಚಾಚಿದಳು. "ಮುಟ್ಟಬ್ಯಾಡ್ರಿ ಅಮ್ಮಾರ" ಎಂದ ಕಾವಲುಗಾರ. ಕೈ ಹಿಂದೆ ತೆಗೆದು, ಮಗ್ಗಕ್ಕೆ ನಮಸ್ಕಾರ ಮಾಡಿ ಹೊರಟಳು.

ರಸ್ತೆಗೆ ಬಂದಾಗ ನೆರೆಮನೆಯ ಗಂಗವ್ವ ಎದುರಾದಳು. ನಮ್ಮನ್ನು ಕಂಡವಳೇ ತಲೆಯ ಮೇಲೆ ಸೆರಗೆಳೆದು, ಮಾತಿಲ್ಲದೆ ಕಸ್ತೂರಿಯ ಜೊತೆ ಹೆಜ್ಜೆ ಹಾಕಿದಳು. ಅರಿವೆ ಅಂಗಡಿಯ ಈರಣ್ಣ ಅರ್ಧ ಶಟರ್ ಎಳೆದು ಹಿಂದೆ ಬಂದ. ಇನ್ನೂ ನಾಲ್ಕೈದು ಹೆಂಗಸರು ಕೂಡಿಕೊಂಡರು. ಅಬ್ಬಾ, ಜಮಖಂಡಿಯವರಿಗೆ ಇತಿಹಾಸದ ಮೇಲೆ ಎಂಥ ಪ್ರೀತಿ ಎಂದು ನಾನು ಉಬ್ಬಿಹೋದೆ.

"ವಯಸ್ಸು ಭಾಳ ಆಗಿತ್ತೇನ್ರಿ ಮಾಸ್ತರ?" ಮೆಲ್ಲಗೆ ಕೇಳಿದ ಈರಣ್ಣ.

ಚರ್ಚಿನದೇ ಮಾತೆಂದು, "ನೂರರ ಮ್ಯಾಲ ಆಗಿರಬೇಕ್ರಿ" ಎಂದೆ.

"ಪುಣ್ಯವಂತರು ಬಿಡ್ರಿ."

ಬಿಳಿ ಅಂಗಿಯ ಮುದುಕ, ಮಾಸಿದ ಸೀರೆಯ ಹೆಂಡತಿ, ಗಾಡಿಯಿಲ್ಲದೆ ನಿಧಾನಕ್ಕೆ ನಡೆಯುತ್ತಿದ್ದಾರೆಂದರೆ ನಮ್ಮೂರಲ್ಲಿ ಅರ್ಥ ಒಂದೇ. ಸಾವಿನ ಮನೆಗೆ ಹೊರಟವರನ್ನು ಎಲ್ಲಿಗೆಂದು ಕೇಳುವ ರೂಢಿಯೂ ಇಲ್ಲ. ಇದು ನನಗೆ ಹೊಳೆದದ್ದು ಎಲ್ಲರೂ ಚರ್ಚಿನ ಬೆಂಚುಗಳಲ್ಲಿ ತಲೆ ತಗ್ಗಿಸಿ ಕುಳಿತ ಮೇಲೆ. ಕಸ ಗುಡಿಸುತ್ತಿದ್ದವನು ಗಾಬರಿಯಾಗಿ, "ಇವತ್ತ ಇಲ್ಲಿ ಯಾರದೂ ಏನೂ ಇಲ್ರಿ" ಎಂದ.

ಗಂಗವ್ವ ನನ್ನತ್ತ ಕೆಕ್ಕರಿಸಿ ನೋಡಿದಳು. "ಹಂಗಾರ ನಾವು ಯಾರನ್ನ ಮಾತಾಡಸಾಕ ಬಂದೇವ್ರೀ?"

ನಾನು ನಕಾಶಿಯನ್ನು ಕಿಸೆಗೆ ತುರುಕಿದೆ. ಆಗ ಕಸ್ತೂರಿ ಬಾಯಿ ಬಿಟ್ಟಳು.

"ನನ್ನ ಮಾತಾಡಸ್ರಿ ಯಕ್ಕಾ. ನನ್ನ ತಂಗಿ ಸತ್ತಾಳ. ನನ್ನ ಹತ್ರ ಯಾರೂ ಬಂದೇ ಇಲ್ಲ."

ಗಂಗವ್ವ ಅವಳನ್ನು ಅವುಚಿಕೊಂಡಳು. "ಎಂಥಾ ತಂಗೀನ ಕಳಕೊಂಡಿಯವ್ವಾ" ಎಂದದ್ದೇ ತಡ, ಕಸ್ತೂರಿ ಹೋ ಎಂದು ಅತ್ತಳು. ಹೆಂಗಸರೆಲ್ಲ ಸುತ್ತ ಕೂತು ರುಕ್ಮಿಣಿಯ ಒಂದೊಂದೇ ಮಾತು ತೆಗೆದು ಅತ್ತರು. ಕಸ ಗುಡಿಸುವವನು ಪೊರಕೆ ಬದಿಗಿಟ್ಟು ನೀರು ತಂದುಕೊಟ್ಟ. ಡಾಕ್ಟರ ಮಾತು ನೆನಪಾಗಿ ನಾನು ಗುಳಿಗೆ ಹಿಡಿದು ಮುಂದೆ ಹೋದೆ. "ನೀವು ಹೊರಗ ನಡೀರಿ" ಎಂದಳು ಗಂಗವ್ವ. ಅವಳ ತೋಳಿನೊಳಗೆ ಕಸ್ತೂರಿ ದೀರ್ಘವಾಗಿ ಉಸಿರಾಡುತ್ತಿದ್ದಳು. ಅಷ್ಟು ಆಳದ ಉಸಿರನ್ನು ನಾನು ಎಷ್ಟೋ ದಿನಗಳಿಂದ ಕೇಳಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಈರಣ್ಣ ಕೂತಿದ್ದ. ಮುಜುಗರ ಮುಚ್ಚಲು ನಾನು, "ಈ ಕಮಾನು ನೋಡ್ರಿ, ಒಂದೊಂದು ಕಲ್ಲೂ..." ಎಂದು ಶುರುಮಾಡಿದೆ.

"ನಿಮ್ಮನ್ನ ಯಾರರ ಮಾತಾಡಿಸ್ಯಾರೇನ್ರಿ ಮಾಸ್ತರ?" ಕೇಳಿದ ಈರಣ್ಣ.

ಇಲ್ಲವೆಂದು ತಲೆಯಾಡಿಸಿದೆ. ಅವನು ಸರಿದು ಜಾಗ ಮಾಡಿಕೊಟ್ಟ.

"ಕಮಾನು ಎಲ್ಲೂ ಹೋಗಂಗಿಲ್ಲ, ಕೂಡ್ರಿ."

ಹೆಂಡತಿಗೆ ಬೇಕಾದೀತೆಂದು ತಂದಿದ್ದ ಕರವಸ್ತ್ರವನ್ನು ನಾನೇ ಬಿಚ್ಚಿದೆ.