ಗೌಡರ ಪ್ರಾಮಾಣಿಕತನ

ಶಿಗ್ಗಾವಿಯ ಕಚೇರಿ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವುದು ನನ್ನ ಕಸುಬಾಗಿತ್ತು. ಪ್ರಾಮಾಣಿಕ, ನಂಬಿಗಸ್ಥ, ನಿಷ್ಠಾವಂತ ಎಂಬ ಶಬ್ದಗಳು ಈ ಗುಣಗಳಿಲ್ಲದವರಿಗೇ ಹೆಚ್ಚು ಬೇಕಾಗುತ್ತಿದ್ದವು. ದುಂಡಸಿ ಕಡೆಯ ಒಬ್ಬ ಗೌಡರಂತೂ ಇವನ್ನು ಬರೆಸಲೆಂದೇ ಪದೇ ಪದೇ ಬರುತ್ತಿದ್ದರು.

ಗಾಡಿ ಹೊಡೆಯುವವ

ಗೌಡರು ಗಾಡಿ ಹೊಡೆಯುವವನನ್ನು ಕೆಲಸದಿಂದ ಬಿಡಿಸಿದ್ದರು. ಅವನಿಗೊಂದು ಶಿಫಾರಸು ಪತ್ರ ಬೇಕಿತ್ತು.

"ಭಾಳ ಪ್ರಾಮಾಣಿಕ ಮನಶ್ಯಾ ಅಂತ ಹಾಕ್ರಿ."

"ಮತ್ತ ಬಿಡಿಸಿದ್ದು ಯಾಕ್ರಿ?"

"ಎತ್ತಿಗೆ ಇಟ್ಟ ಹತ್ತಿಕಾಳು ಕದ್ದು ಮಾರ್ತಾನ. ಮೂರು ಸಲ ಹಿಡದೇನಿ."

ಪತ್ರ ಯಾರಿಗೆಂದು ಕೇಳಿದರೆ, ಹಿರೇಕೆರೂರಿನ ಅವರ ಬೀಗರಿಗಂತೆ! ಸ್ವಂತ ಬೀಗರಿಗೆ ಕಳ್ಳನನ್ನು ಗಂಟು ಹಾಕುತ್ತೀರಾ ಎಂದೆ.

"ಕಳ್ಳ ಅಂತ ಬರದ್ರ ಅವರು ಇಟ್ಕೋತಾರೇನ್ರಿ?" ಎಂದರು ಗೌಡರು, ನನ್ನ ದಡ್ಡತನಕ್ಕೆ ಮರುಗುತ್ತ.

ಬಂದೂಕಿನ ಅರ್ಜಿ

ಯುದ್ಧದ ಕಾಲದಲ್ಲಿ ಬಂದೂಕಿನ ಲೈಸೆನ್ಸಿಗೆಂದು 'ಸಾಮ್ರಾಟರಿಗಾಗಿ ಪ್ರಾಣ ಕೊಡಲೂ ಸಿದ್ಧನಾದ ರಾಜನಿಷ್ಠ' ಎಂದು ಬರೆಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಹೊಸ ಖಾದಿ ಟೋಪಿ ಹಾಕಿಕೊಂಡು ಅದೇ ಅರ್ಜಿಯ ನಕಲು ಹಿಡಿದು ಬಂದರು.

"ರಾಜನಿಷ್ಠ ತಗೀರಿ, ದೇಶಭಕ್ತ ಅಂತ ಹಾಕ್ರಿ."

ನನಗೇ ನಾಚಿಕೆಯಾಯಿತು, ಅವರಿಗಿಲ್ಲ. ಟಾಕು ಮಸಿಗೆ ಅದ್ದುವಾಗ ಕೈ ಹಿಡಿದರು. "ತಡೀರಿ. ಆ ಒಂದ ಶಬ್ದ ಪೆನ್ಸಿಲ್‌ಲೆ ಬರೀರಿ. ಮುಂದ ಯಾರ್ ಬರ್ತಾರೋ ಏನೋ!"

ಭಂಡಾರದ ಆಣೆ

ಮರುವರ್ಷ ಅವರೂರಿನ ಒಬ್ಬ ವಿಧವೆಯ ಎಮ್ಮೆ ಗೌಡರ ದನಗಳಲ್ಲಿ ಸೇರಿತು. ಗೌಡರು ಅದನ್ನು ತಮ್ಮದೆಂದು ಕಟ್ಟಿಕೊಂಡರು. ಆ ಎಮ್ಮೆಯ ಹಾಲಿನಿಂದಲೇ ಅವಳ ಮನೆ ನಡೆಯುತ್ತಿತ್ತು. ದುರ್ಗವ್ವನ ಗುಡಿಯಲ್ಲಿ ಭಂಡಾರ ಹಿಡಿದು ಗೌಡರು ಆಣೆ ಮಾಡಿದರೆ ಎಮ್ಮೆ ಅವರದೇ ಎಂದರು ಪಂಚರು. ಅವರ ನಿರ್ಣಯ ಬರೆಯಲು ನಾನೂ ಹೋಗಿದ್ದೆ.

ದೇವಿಯ ಅರಿಶಿನಪುಡಿ ಮುಟ್ಟಿ ಸುಳ್ಳು ಹೇಳಲು ಗೌಡರಿಗೂ ಧೈರ್ಯ ಸಾಲಲಿಲ್ಲ. ತಮ್ಮ ಮುದಿ ಆಳನ್ನು ಮುಂದೆ ತಳ್ಳಿದರು. "ಇವನಂಥ ನಿಷ್ಠಾವಂತ ಈ ಸೀಮ್ಯಾಗ ಇಲ್ರಿ. ಇವನ ಆಣಿ ಅಂದ್ರ ನನ್ನ ಆಣಿ."

ವಿಧವೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಆಳು ಭಂಡಾರ ಹಿಡಿದು, ಗುಡಿ ತುಂಬ ಕೇಳುವಂತೆ ಹೇಳಿದ:

"ತಾಯೀ ದುರ್ಗವ್ವಾ, ನಾ ಗೌಡರ ಉಪ್ಪು ತಿಂದಾಂವ. ಎಮ್ಮಿ ಯಾರದು ಅಂತ ನಿನಗ ಗೊತ್ತೈತಿ. ಈಗ ನಾ ಹೇಳೋದು ಗೌಡರು ಕಲಿಸಿದ ಮಾತು, ಪಾಪ ಹತ್ತಿದ್ರ ಅವರಿಗೇ ಹತ್ತಲಿ. ಎಮ್ಮಿ ನಮ್ಮ ಗೌಡರದು!"

ಪಂಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಧವೆ ಯಾರ ಅಪ್ಪಣೆಗೂ ಕಾಯದೆ ಎಮ್ಮೆ ಬಿಚ್ಚಿಕೊಳ್ಳಲು ಓಡಿದಳು. "ದ್ರೋಹಿ!" ಎಂದು ಗೌಡರು ಕೈ ಎತ್ತಿದರು.

ಆಳಿಗೆ ಏನೂ ತಿಳಿಯಲಿಲ್ಲ. ಕೈಮುಗಿದು ಕೇಳಿದ: "ಯಾಕ್ರೀ ಗೌಡ್ರ, ನೀವು ಕಲಿಸಿದ್ರಾಗ ಏನರ ಬಿಟ್ಟೇನೇನ್ರಿ?"