ಏನ್ರೀ ಅಂದ್ರ ಯಾರು?

ನನ್ನ ದನಿ ಬಹಳ ಚೆನ್ನಾಗಿದೆ ಎಂಬ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇತ್ತು. ಬೇರೆ ಯಾರಿಗೂ ಇರಲಿಲ್ಲ ಎಂಬುದು ಬೇರೆ ಮಾತು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮಾಸ್ತರರು ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಎತ್ತರ ಇದ್ದೇನೆಂದು ಕಳಿಸುತ್ತಾರೆ ಎಂದುಕೊಂಡಿದ್ದೆ. ನಲವತ್ತು ದಾಟಿದರೂ ಈ ಭ್ರಮೆ ಬಿಡಲಿಲ್ಲ. ಮುಖ ತೋರಿಸಲು ಕನ್ನಡಿ ಇದೆ, ದನಿ ಎಂಥದೆಂದು ಹೇಳಲು ಯಾರಿದ್ದಾರೆ? ಹೀಗಾಗಿ ನಾನು ಕೆಲಸಕ್ಕಿದ್ದ ವೃದ್ಧಾಶ್ರಮಕ್ಕೆ ಮೈಕ್‌ಸೆಟ್ ಬರುತ್ತದೆ ಎಂದು ಗೊತ್ತಾದ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಆ ಹಿಗ್ಗಿನ ಕತೆ ಹೇಳಲು ಹೊರಟರೆ ಈಗಲೂ ನಾಚಿಕೆಯಾಗುತ್ತದೆ.

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡಿಯ ಹೊರಗೆ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ನಮ್ಮ ವೃದ್ಧಾಶ್ರಮ. ಆ ಹೆಸರು ಕೇಳಿದರೆ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದ ಕಾಲ ಅದು. ಬಸ್ಸಿನಲ್ಲಿ ಯಾರಾದರೂ ಏನು ಉದ್ಯೋಗ ಎಂದರೆ, "ಮುದುಕರ್ನ ನೋಡ್ಕೋತೇನ್ರಿ" ಎನ್ನುತ್ತಿದ್ದೆ. "ನಿಮ್ಮ ಮನಿ ಮುದುಕರನ್ನೇನ್ರಿ?" "ಅಲ್ರಿ, ಮಂದೀ ಮನ್ಯಾಗಿನವರನ್ನ." ಅಲ್ಲಿಗೆ ಅವರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಗೋದಾಮಿನ ಕಲ್ಲಿನ ಗೋಡೆಗಳು ಎರಡು ಮೊಳ ದಪ್ಪ. ನಡುವೆ ಇನ್ನೊಂದು ಗೋಡೆ ಎಬ್ಬಿಸಿ ಆ ಕಡೆ ಹೆಂಗಸರು, ಈ ಕಡೆ ಗಂಡಸರು ಎಂದು ಮಾಡಿದ್ದರು. ಗಂಡ ಹೆಂಡತಿ ಜೊತೆಯಾಗಿ ಬಂದರೂ ಬೇರೆ ಬೇರೆ ಇರಬೇಕು. ಎಣ್ಣೆ ಗಾಣದ ಮಾಲೀಕರಾದ ನಮ್ಮ ಅಧ್ಯಕ್ಷರ ನಿಯಮ ಅದು. "ಈ ವಯಸ್ಸಿನಾಗ ಜೋಡಿ ಯಾಕ ಬೇಕ್ರಿ?" ಎಂದು ಅವರು ಕೇಳಿದಾಗ ಸಭೆಯಲ್ಲಿ ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಊಟಕ್ಕೆ ಕರೆಯಲು ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಅದನ್ನು ಬಾರಿಸಿದರೆ ಆಚೆ ಹೊಲದ ಎತ್ತುಗಳು ತಲೆಯೆತ್ತುತ್ತಿದ್ದವು, ನಮ್ಮವರು ಎತ್ತುತ್ತಿರಲಿಲ್ಲ. ಕಿವಿ ಎಲ್ಲರವೂ ಅಷ್ಟಕ್ಕಷ್ಟೆ. ನಾನೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಬ್ಬೊಬ್ಬರ ಕಿವಿಯಲ್ಲಿ ಕೂಗಬೇಕು. ಒಮ್ಮೆ ಹಬ್ಬದ ದಿನ ಮುದ್ದೇಬಿಹಾಳದ ಸಾಹುಕಾರರ ಕಿವಿಗೆ ಬಾಯಿಟ್ಟು, "ಇವತ್ತ ಹುಗ್ಗಿ ಐತ್ರಿ, ಹುಗ್ಗಿ!" ಎಂದು ಅರಚಿದೆ. ಅವರು ಗಾಬರಿಯಿಂದ ಎದ್ದು ಕೂತು, "ಅಯ್ಯ ಶಿವನ! ಯಾರ್ನ ಹುಗ್ಯಾಕತ್ತಾರ?" ಎಂದರು. ಆಮೇಲೆ ಹುಗ್ಗಿ ತಂದು ಮುಂದಿಟ್ಟರೂ ಅವರಿಗೆ ಸೇರಲಿಲ್ಲ.

ಇಂಥಲ್ಲಿಗೆ ಗೊಳಸಂಗಿಯಿಂದ ನೀಲವ್ವ ತನ್ನ ಗಂಡನನ್ನು ಕರೆದುಕೊಂಡು ಬಂದಳು. ಮಕ್ಕಳಿಲ್ಲ. ಇದ್ದ ಮಣ್ಣಿನ ಮನೆ ಹಿಂದಿನ ಮಳೆಗಾಲದಲ್ಲಿ ಕುಸಿದುಬಿದ್ದಿತ್ತು. ರಿಜಿಸ್ಟರ್ ತೆರೆದು, "ಯಜಮಾನರ ಹೆಸರು?" ಎಂದೆ. ನೀಲವ್ವ ಸೆರಗು ಸರಿಮಾಡಿಕೊಂಡು, "ಐತಾರದ ಮರುದಿನ" ಎಂದಳು. ನನ್ನ ಮಂದ ಬುದ್ಧಿಗೆ ತಿಳಿಯಲಿಲ್ಲ. "ಯವ್ವಾ, ಇವತ್ತ ಬುಧವಾರ. ಹೆಸರು ಹೇಳಾಕ ಸೋಮವಾರದ ತನಕಾ ಯಾಕ?" ಎಂದೆ. ಆಕೆಯ ಮುಖ ಅರಳಿತು. "ಅದರಾಗ ಮೊದಲಿನ ಅರ್ಧಾ ಬರಕೋರಿ ಸಾಹೇಬ್ರ, ಮುಂದ ಅಪ್ಪ ಹಚ್ಚರಿ!" ಹೀಗೆ ಸೋಮಪ್ಪ ನಮ್ಮ ರಿಜಿಸ್ಟರಿಗೆ ಬಂದ. ಐವತ್ತು ವರ್ಷದ ಸಂಸಾರದಲ್ಲಿ ನೀಲವ್ವ ಗಂಡನ ಹೆಸರು ಹಿಡಿದಿರಲಿಲ್ಲ. ಸೋಮವಾರವನ್ನು ಕೂಡ ಬಸವಣ್ಣನ ವಾರ ಎನ್ನುತ್ತಿದ್ದಳು.

ಸೋಮಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಿಲ್ಲಿನಲ್ಲಿ ದುಡಿದು, ಅದರ ಸದ್ದಿಗೆ ಕಿವಿ ಕಳೆದುಕೊಂಡವನು. ನೀಲವ್ವ ದಿನಾ ಅಲ್ಲಿಗೆ ಬುತ್ತಿ ಒಯ್ದವಳು. ಬಂದ ಮೊದಲ ವಾರದಲ್ಲೇ ತಕರಾರು ಶುರುವಾಯಿತು. ಊಟದ ಹೊತ್ತಿಗೆ ಗಂಡಸರ ಅಂಗಳದ ಬೇವಿನ ಮರದ ಕೆಳಗೆ ಕೂತುಬಿಡುತ್ತಿದ್ದ. ಹಳಿ ಬಾರಿಸಿದರೆ ಕೇಳಿಸದು. ಭುಜ ಮುಟ್ಟಿ, ಕೈಸನ್ನೆ ಮಾಡಿ, ಊಟ ಎಂದು ತೋರಿಸಿದರೆ, "ಆಕಿ ಕರದಿಲ್ಲಲ್ರಿ" ಎನ್ನುತ್ತಿದ್ದ. ಆ ಕಡೆ ಗೋಡೆಯಾಚೆ ನೀಲವ್ವ, "ಅವರು ಉಂಡರೇನ್ರಿ?" ಎಂದು ಕೇಳುವಳು, ಇಲ್ಲ ಎಂದರೆ ತಾನೂ ತಾಟು ಸರಿಸುವಳು. ಹತ್ತು ದಿನದಲ್ಲಿ ಇಬ್ಬರೂ ಅರ್ಧವಾದರು. ಅಧ್ಯಕ್ಷರು ಬಂದು ನೋಡಿ, "ಇಲ್ಲಿ ಶಿಸ್ತು ಆಗದಿದ್ರ ವಾಪಸ್ ಊರಿಗೆ ಕಳಸ್ರಿ" ಎಂದರು. ಯಾವ ಊರಿಗೆ, ಯಾವ ಮನೆಗೆ? ನನಗೆ ನಿಜಕ್ಕೂ ಭಯವಾಯಿತು. ಕೈಮುಗಿದು, ಒಂದು ಮೈಕ್‌ಸೆಟ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಬೇಡಿಕೊಂಡೆ. ಬೇಡುವಾಗ ನನ್ನ ದನಿಯ ಆಸೆಯೂ ಅದರಲ್ಲಿ ಸೇರಿತ್ತು, ಸುಳ್ಳು ಯಾಕೆ ಹೇಳಲಿ?

ಸೆಟ್ಟು ಬಂತು. ಹಳೆಯದು, ಮದುವೆ ಮುಂಜಿಗಳಲ್ಲಿ ದುಡಿದು ಸುಸ್ತಾದದ್ದು. ಗುಂಡಿ ಒತ್ತಿದ ಮೇಲೆ ಒಳಗಿನ ವಾಲ್ವುಗಳು ಕಾದು ಕೆಂಪಾಗುವವರೆಗೆ ಕಾಯಬೇಕು. ಲೌಡ್‌ಸ್ಪೀಕರನ್ನು ಬೇವಿನ ಮರಕ್ಕೆ ಕಟ್ಟಿದೆವು. ಮೈಕು ಮಾತ್ರ ನನ್ನ ಆಫೀಸಿನ ಮೇಜಿನ ಮೇಲೆ. ಮೊದಲ ದಿನ ಗಂಟಲು ಸರಿಮಾಡಿಕೊಂಡು, "ಹಲೋ, ಹಲೋ, ಸೋಮಪ್ಪನವರು ಎಲ್ಲಿದ್ದರೂ ಕೂಡಲೇ ಊಟದ ಮನೆಗೆ ಬರತಕ್ಕದ್ದು" ಎಂದು ಗಂಭೀರವಾಗಿ ಘೋಷಿಸಿದೆ. ಸೋಮಪ್ಪ ಅಲುಗಲಿಲ್ಲ. ಸಿಂದಗಿಯ ಮುದುಕರೊಬ್ಬರು ಗಂಟು ಎತ್ತಿಕೊಂಡು ಗೇಟಿಗೆ ನಡೆದರು. ಆಲಮೇಲದ ಬಸ್ಸು ಬಂತೆಂದು ಕೂಗಿದ ಹಾಗೆ ಅವರಿಗೆ ಕೇಳಿಸಿತಂತೆ. ಅವರನ್ನು ಹಿಡಿದು ತರುವಷ್ಟರಲ್ಲಿ ನನ್ನ ದನಿಯ ಮೇಲಿನ ನಂಬಿಕೆ ಸಾಕಷ್ಟು ಇಳಿದಿತ್ತು.

ಮರುದಿನ ಸೋತು ನೀಲವ್ವನನ್ನೇ ಕರೆಸಿದೆ. ಮೈಕಿನ ಮುಂದೆ ಆಕೆ ತಲೆ ತುಂಬ ಸೆರಗು ಹೊದ್ದು, ಹಿರಿಯರ ಎದುರು ನಿಂತ ಹಾಗೆ ನಿಂತಳು. "ಇದರಾಗ ಅವರಿಗೆ ಕೇಳಸ್ತೈತೇನ್ರಿ?" "ಕೇಳಸ್ತೈತಿ. ಹೆಸರು ಹೇಳಿ ಕರೀರಿ." "ಛೀ, ಹೆಸರು ಹಿಡದು ಕರೀತಾರೇನ್ರಿ!" "ಮತ್ತ ಮಿಲ್ಲಿಗೆ ಬುತ್ತಿ ಒಯ್ದಾಗ ಹೆಂಗ ಕರೀತಿದ್ರಿ?" ನೀಲವ್ವ ಸ್ವಲ್ಪ ನಕ್ಕಳು. ಆ ಜಿನ್ನಿನ ಸದ್ದಿನಲ್ಲಿ ಮೂವತ್ತು ವರ್ಷ ಹೇಗೆ ಕರೆದಿದ್ದಳೋ ಹಾಗೆಯೇ ಕರೆದಳು: "ಏನ್ರೀ... ರೊಟ್ಟಿ ಆರಾಕತ್ತಾವು, ಬರ್ರಿ!"

ನಾನು ಕಿಟಕಿಯಿಂದ ನೋಡಿದೆ. ಸೋಮಪ್ಪ ಥಟ್ಟನೆ ಕೋಲು ಊರಿ ಎದ್ದ. ಅಬ್ಬಾ, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವನ ಹಿಂದೆ, ನಮ್ಮಲ್ಲೇ ಇದ್ದ ಇಂಡಿ ಊರಿನ ನಿವೃತ್ತ ಮಾಸ್ತರರು ಹೊರಬಂದರು. ಸಿಂದಗಿಯ ಮುದುಕರು ಬಂದರು. ಮಂಡಿನೋವೆಂದು ವಾರದಿಂದ ಹಾಸಿಗೆ ಬಿಡದ ಮುದ್ದೇಬಿಹಾಳದ ಸಾಹುಕಾರರು ಗೋಡೆ ಹಿಡಿದುಕೊಂಡು ಬಂದರು. ಹಳಿ ಬಾರಿಸಿದರೂ, ನಾನು ಅರಚಿದರೂ ಏಳದವರೆಲ್ಲ, ಒಬ್ಬರೂ ಉಳಿಯದೆ, ಊಟದ ಮನೆಯ ಬಾಗಿಲಿಗೆ ಬಂದು ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಏನ್ರೀ ಅಂದರೆ ಯಾರು? ಪ್ರತಿಯೊಬ್ಬನೂ ತಾನೇ. ಇದು ಹೊಳೆದದ್ದೇ ತಡ, ನಾನು ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಕ್ಕೆ. ಮೈಕು ಆರಿಸಿರಲಿಲ್ಲ. ನನ್ನ ನಗು ಬೇವಿನ ಮರದಿಂದ ಅವರೆಲ್ಲರ ತಲೆಯ ಮೇಲೆ ಬಿತ್ತು. ಮಾಸ್ತರರು, "ನೀರಡಿಕಿ ಆಗಿತ್ತು, ಅದಕ್ಕ ಬಂದೆ" ಎಂದು ಯಾರೂ ಕೇಳದಿದ್ದರೂ ಹೇಳಿದರು. ಸಾಹುಕಾರರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಆಗ ನೆನಪಾಯಿತು, ಸೋಮಪ್ಪನೊಬ್ಬನನ್ನು ಬಿಟ್ಟರೆ ಅಲ್ಲಿದ್ದವರೆಲ್ಲರ ಹೆಂಡಂದಿರೂ ತೀರಿಕೊಂಡವರು. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸಿತು.

ವಿಷಯ ಗೊತ್ತಾಗಿ ನೀಲವ್ವ ನಾಚಿ ನೀರಾದಳು. "ಊರ ಗಂಡಸರೆಲ್ಲಾ ಬಂದರಂತ, ನಾ ಇನ್ನ ಕರ‍್ಯಾಂಗಿಲ್ರಿ" ಎಂದು ಹಟ ಹಿಡಿದಳು. ಆಗ ಇಂಡಿ ಮಾಸ್ತರರೇ ಹೆಂಗಸರ ಕಡೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ತಂಗೀ, ನೀ ಕರಿ. ನೀ ಕರದಿ ಅಂತ ನಾವು ಬರೂದಿಲ್ಲವ್ವ. ನಮಗ ಬ್ಯಾರೇನ ಕೇಳಸ್ತೈತಿ" ಎಂದರು. ನೀಲವ್ವ ಆಗಲಿ ಎಂದು ತಲೆಯಾಡಿಸಿದಳು. ಅಂದಿನಿಂದ ಎರಡು ಹೊತ್ತೂ ಆಕೆಯದೇ ದನಿ. ಸೋಮಪ್ಪ ಉಂಡ, ನೀಲವ್ವ ಉಂಡಳು, ಇಬ್ಬರ ಮುಖದ ಮೇಲೂ ಸ್ವಲ್ಪ ಕಳೆ ಬಂತು. ಸಾಹುಕಾರರು ಊಟಕ್ಕೆ ಮುಂಚೆ ತಲೆ ಬಾಚಿಕೊಳ್ಳಲು ಶುರುಮಾಡಿದರು. ಅಧ್ಯಕ್ಷರು ಸಭೆಯಲ್ಲಿ, ಯಂತ್ರದಿಂದ ಶಿಸ್ತು ಬಂತೆಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಹೀಗೆ ಎಂಟು ತಿಂಗಳು ನಡೆದಿರಬಹುದು. ಚಳಿಗಾಲದಲ್ಲಿ ಸೋಮಪ್ಪನಿಗೆ ಜ್ವರ ಬಂತು, ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮೇಲೆ ಎರಡು ದಿನ ಯಾರಿಗೂ ಊಟದ ಕಡೆ ಲಕ್ಷ್ಯವಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹಳಿ ಬಾರಿಸಿದೆ. ಯಾರೂ ಬರಲಿಲ್ಲ. ಮೈಕಿನಲ್ಲಿ ನಾನೇ ಕರೆದೆ. ಬರಲಿಲ್ಲ. ನೀಲವ್ವನನ್ನು ಕೇಳಲು ಹೆಂಗಸರ ಬಾಗಿಲವರೆಗೆ ಹೋಗಿ ಹಿಂತಿರುಗಿದೆ. ಗಂಡನನ್ನು ಕಳೆದುಕೊಂಡು ಮೂರು ದಿನವಾದ ಹೆಂಗಸಿಗೆ, ಬಂದು ಏನ್ರೀ ಎಂದು ಕರೆ ಎಂದು ಯಾವ ನಾಲಗೆಯಿಂದ ಹೇಳಲಿ?

ಆಕೆಯೇ ಬಂದಳು. "ಅವರೆಲ್ಲಾ ಯಾಕ ಉಪಾಸ ಕುಂತಾರ್ರಿ, ಸಾಹೇಬ್ರ?" ಎಂದಳು. ನಾನು ಮೈಕಿನ ಕಡೆ ನೋಡಿದೆ. "ಮಶಿನ್ ಹಚ್ಚರಿ" ಎಂದಳು. ವಾಲ್ವು ಕಾದು ಕೆಂಪಾಗುವುದನ್ನು ನೋಡುತ್ತ ಇಬ್ಬರೂ ನಿಂತೆವು. ನೀಲವ್ವ ಮೈಕಿಗೆ ಬಾಯಿ ತಂದಳು. "ಏ..." ಎಂದು ಅರ್ಧ ಬಂದದ್ದು ಅಲ್ಲೇ ನಿಂತಿತು. ಆ ಅರ್ಧ ಹೊರಗೂ ಕೇಳಿಸಿರಬೇಕು, ಕಿಟಕಿಯಾಚೆ ಸಾಹುಕಾರರು ಎದ್ದು ನಿಂತದ್ದು ಕಂಡಿತು. ನೀಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ಮೊದಲಿನಿಂದ, ನಿಧಾನವಾಗಿ ಹೇಳಿದಳು: "ಯಣ್ಣಾ, ಊಟಕ್ಕ ಬರ್ರಿ."

ಎಲ್ಲರೂ ಬಂದರು. ಆದರೆ ಅವಸರವಿಲ್ಲದೆ, ತಲೆ ತಗ್ಗಿಸಿಕೊಂಡು ಬಂದರು. ಪುಂಡಿಪಲ್ಯ ಬಡಿಸುತ್ತಿದ್ದಾಗ ಸಾಹುಕಾರರು ಪಕ್ಕದವರ ಕಡೆ ತಿರುಗಿ, "ನಮ್ಮಾಕಿನೂ ಇವತ್ತ ಹೋದಳ್ರಿ, ಮಾಸ್ತರ" ಎಂದರು. ಯಾರ ಮಾತಿಗಾದರೂ ಒಂದು ತಿದ್ದುಪಡಿ ಹೇಳದೆ ಬಿಡದ ಮಾಸ್ತರರು, "ಹೌದ್ರಿ" ಎಂದಷ್ಟೇ ಹೇಳಿ ರೊಟ್ಟಿ ಮುರಿದರು.

ನಾನು ಅಂದು ಆಫೀಸಿಗೆ ಬೀಗ ಹಾಕಿ ನೆಟ್ಟಗೆ ಮನೆಗೆ ಹೋದೆ. ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು, "ನನ್ನ ಊಟಕ್ಕ ಕರಿ" ಎಂದೆ. "ಎದರಿಗೇ ನಿಂತೀರಿ, ಏನಂತ ಕರೀಲಿ? ತಲಿಗಿಲಿ ಕೆಟ್ಟೈತೇನು?" ಎಂದಳು. "ಹೊರಗ ಹೋಗಿ ಕೂಡ್ತೇನಿ, ಕರಿ" ಎಂದು ಹೋಗಿ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿಂದ, "ಏನ್ರೀ, ಊಟಕ್ಕ ಬರ್ರಿ" ಎಂದು ಕೇಳಿಸಿತು. ಏಳಬೇಕೆಂದುಕೊಂಡವನು ಏಳಲಿಲ್ಲ. ಇನ್ನೊಮ್ಮೆ ಕೇಳಿಸಲಿ ಎಂದು ಕೂತೆ. ಮತ್ತೆ ಕರೆದಳು. ಆಗಲೂ ಕೂತೇ ಇದ್ದೆ. ಮೂರನೆಯ ಸಲಕ್ಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು, "ಎಷ್ಟ್ ಸಲ ಒದರ್ಬೇಕ್ರಿ, ಕಿವಿ ಹೋಗ್ಯಾವೇನು?" ಎಂದು ಬಾಯಿ ತುಂಬ ಬೈದಳು, ಆಮೇಲೆ ನನ್ನ ಮುಖ ನೋಡಿ, ಬೈಯುವುದನ್ನು ನಿಲ್ಲಿಸಿದಳು.